‘ಗಿವ್ ಮಿ ಎ ಹ್ಯಾಂಡ್’ ಅಂದವರಿಗೆ ಕೈ ಕೊಡಬೇಡಿ: ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ, ಇಂಗ್ಲೆಂಡ್ ಮತ್ತು ಅಮೆರಿಕದ ಗಿರಾಕಿಗಳ ಫೋನು ಎತ್ತುವ ಕೆಲಸ ಮಾಡಿದೆ. ಈಗ ಮನೆ ಮಹಡಿಯ ಮೇಲೆ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಿ.ಕಾಂ. ಮುಗಿಸಿದ ಹುಡುಗರು, ಕ್ಯಾತ್ಸಂದ್ರದಿಂದ ಬರುವ ನರ್ಸುಗಳು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಆಗಿರುವವರು, ಅಮೆರಿಕದ ಮೊಮ್ಮಗನ ಜೊತೆ ವಿಡಿಯೋ ಕಾಲ್‌ನಲ್ಲಿ ನಾಲ್ಕು ಮಾತಾಡಬೇಕು ಅನ್ನುವ ಅಜ್ಜಿಯರು, ಎಲ್ಲರೂ ಬರುತ್ತಾರೆ. ಗ್ರಾಮರಿಗಿಂತ ಜಾಸ್ತಿ ಪ್ರಶ್ನೆ ಬರುವುದು ಈ ಈಡಿಯಮ್‌ಗಳ ಮೇಲೆ. ಅವರ ಬಾಯಲ್ಲಿ ಬಂದ ಹಾಗೇ ಬರೆದಿದ್ದೇನೆ. ಉತ್ತರಗಳಲ್ಲಿ ನನ್ನ ಒಂದು ಹಟ ಮತ್ತೆ ಮತ್ತೆ ಕಾಣಿಸೀತು: ಇವನ್ನು ಮೊದಲು ಕಿವಿಗೆ ಕಲಿಯಿರಿ, ಬಾಯಿಗೆ ಆಮೇಲೆ.

## ಮೊದಲ ವಾರದ ಪ್ರಶ್ನೆಗಳು

ಮಿಸ್, ಈಡಿಯಮ್ ಅಂದ್ರೆ ಗಾದೆನಾ?

ಅಲ್ಲ. ಗಾದೆ ಪೂರ್ತಿ ಮಾತು, ಒಂದು ಬುದ್ಧಿ ಹೇಳಿ ಮುಗಿಸುತ್ತೆ: ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಈಡಿಯಮ್ ಅಂದರೆ ನುಡಿಗಟ್ಟು. ಅದು ವಾಕ್ಯದೊಳಗೆ ಕೂತು ಕೆಲಸ ಮಾಡುವ ತುಂಡು: ‘ಟೋಪಿ ಹಾಕಿದ’, ‘ಬಾಲ ಬಿಚ್ಚಿದ’. ಇಂಗ್ಲಿಷಿನಲ್ಲಿ ‘ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್’ ಗಾದೆ, ‘ಸ್ಪಿಲ್ ದ ಬೀನ್ಸ್’ ನುಡಿಗಟ್ಟು. ಗುಟ್ಟು ಬಾಯಿಬಿಡುವುದು ಅಂತ ಅರ್ಥ, ಹುರುಳಿಕಾಯಿಗೂ ಅದಕ್ಕೂ ಸಂಬಂಧ ಇಲ್ಲ. ಇವೆರಡಕ್ಕಿಂತ ಹೆಚ್ಚು ಕಾಡುವ ಇನ್ನೊಂದು ಜಾತಿ ಇದೆ. ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕು, ‘ಪುಟ್ ಆನ್’ ಅಂದರೆ ತೊಟ್ಟುಕೊ, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊ. ಪುಟ್ಟ ಪದಗಳು ಅಂತ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಫೋನಿನಲ್ಲಿ ನಾನು ಎಡವಿದ್ದರಲ್ಲಿ ಅರ್ಧಕ್ಕರ್ಧ ಇವೇ.

ಒಂದೊಂದು ಪದದ ಅರ್ಥ ಗೊತ್ತು, ಸೇರಿಸಿದ್ರೆ ಗೊತ್ತಾಗಲ್ಲ. ಯಾಕೆ ಹಿಂಗೆ?

ಕನ್ನಡದಲ್ಲೂ ಹೀಗೇ, ನಮಗೆ ಅಭ್ಯಾಸ ಆಗಿದೆ ಅಷ್ಟೇ. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ‘ಸ್ವಲ್ಪ ಕೈ ಹಾಕಿ, ಸಹಾಯ ಮಾಡಿ’ ಅಂತ. ಅದನ್ನೇ ಪದಕ್ಕೆ ಪದ ಇಟ್ಟು ‘ನನಗೊಂದು ಕೈ ಕೊಡಿ’ ಅಂದುಬಿಟ್ಟರೆ? ನಮ್ಮಲ್ಲಿ ಕೈ ಕೊಟ್ಟವನು ಸಹಾಯ ಮಾಡಿದವನಲ್ಲ, ನಡುನೀರಿನಲ್ಲಿ ಬಿಟ್ಟು ಹೋದವನು. ಮೊನ್ನೆ ಬೆಂಚು ಸರಿಸುವಾಗ ನಾನು ‘ಗಿವ್ ಮಿ ಎ ಹ್ಯಾಂಡ್’ ಅಂದೆ. ಹೊಸದಾಗಿ ಸೇರಿದ ಹುಡುಗ ನಾಚಿಕೊಂಡು ಕೈ ಮುಂದೆ ಚಾಚಿದ, ಕೈಕುಲುಕಲು. ಉಳಿದವರು ನಕ್ಕರು. ನಾನು ನಗಲಿಲ್ಲ, ನನ್ನ ಮೊದಲ ವರ್ಷ ಇನ್ನೂ ಮರೆತಿಲ್ಲ.

ಜಾಸ್ತಿ ಬೇಡ, ದಿನಾ ಕಿವಿಗೆ ಬೀಳೋವು ಒಂದಷ್ಟು ಹೇಳಿ.

ಬೆಳಗಿನಿಂದ ರಾತ್ರಿಯವರೆಗೆ ನೋಡಿ. ಮೈ ಹುಷಾರಿಲ್ಲ ಅನ್ನಲು ‘ಅಂಡರ್ ದ ವೆದರ್’. ಕೆಲಸ ನೀರು ಕುಡಿದಷ್ಟು ಸುಲಭ ಅನ್ನಲು ‘ಪೀಸ್ ಆಫ್ ಕೇಕ್’. ವಿಷಯಕ್ಕೆ ಬರದೆ ಸುತ್ತಿಬಳಸಿ ಮಾತಾಡುವವರಿಗೆ ‘ಡೋಂಟ್ ಬೀಟ್ ಅರೌಂಡ್ ದ ಬುಷ್’. ಇದು ಬೇಟೆಯಿಂದ ಬಂದದ್ದು, ಹಕ್ಕಿ ಎಬ್ಬಿಸಲು ಪೊದೆಯ ಸುತ್ತ ಬಡಿಯುತ್ತಿದ್ದರು. ಕಷ್ಟದಲ್ಲಿ ಇರುವವರಿಗೆ ‘ಹ್ಯಾಂಗ್ ಇನ್ ದೇರ್’, ಅಂದರೆ ಸ್ವಲ್ಪ ತಡ್ಕೊ, ಕೈಬಿಡಬೇಡ. ರೇಟು ಕೇಳಿ ಎದೆ ಒಡೆದರೆ ‘ಇಟ್ ಕಾಸ್ಟ್ಸ್ ಆನ್ ಆರ್ಮ್ ಅಂಡ್ ಎ ಲೆಗ್’. ಅಪರೂಪಕ್ಕೊಮ್ಮೆ ಅನ್ನಲು ‘ಒನ್ಸ್ ಇನ್ ಎ ಬ್ಲೂ ಮೂನ್’. ಇವತ್ತಿಗೆ ಸಾಕು, ಬಾಗಿಲು ಹಾಕೋಣ ಅನ್ನಲು ‘ಲೆಟ್ಸ್ ಕಾಲ್ ಇಟ್ ಎ ಡೇ’. ಮಲಗಲು ಹೊರಟರೆ ‘ಹಿಟ್ ದ ಸ್ಯಾಕ್’. ಹುಲ್ಲೋ ಹೊಟ್ಟೋ ತುಂಬಿದ ಚೀಲವೇ ಹಾಸಿಗೆಯಾಗಿದ್ದ ಕಾಲದ ನೆನಪು ಅದರಲ್ಲಿದೆ. ಶುರುವಿಗೆ ಇಷ್ಟು ಸಾಕು.

‘ಇಟ್ಸ್ ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂದ್ರೆ ಫಾರಿನ್‌ನೋರು ನಗ್ತಾರಂತೆ, ಹೌದಾ?

ನಗುವುದಿಲ್ಲ, ಅರ್ಥವೂ ಆಗುತ್ತೆ. ಆದರೆ ಹಳೇ ಪಠ್ಯಪುಸ್ತಕದಿಂದ ಎದ್ದು ಬಂದವರು ಅಂತ ಗೊತ್ತಾಗುತ್ತೆ. ಒಂಬತ್ತು ವರ್ಷದಲ್ಲಿ ಮಳೆ ಬಗ್ಗೆ ಗೊಣಗದ ಇಂಗ್ಲಿಷಿನವರನ್ನು ನಾನು ಕಂಡಿಲ್ಲ. ಈ ನಾಯಿ-ಬೆಕ್ಕಿನ ಮಾತು ಅವರ ಬಾಯಿಂದ ಕೇಳಿದ್ದು ಒಂದೆರಡು ಸಲ, ಅದೂ ವಯಸ್ಸಾದವರಿಂದ. ಅವರು ಹೇಳುತ್ತಿದ್ದದ್ದು ‘ಇಟ್ಸ್ ಪೋರಿಂಗ್’, ‘ಬಕೆಟಿಂಗ್ ಡೌನ್’. ಜೊನಾಥನ್ ಸ್ವಿಫ್ಟ್ 1738ರಲ್ಲೇ ಸವಕಲು ಮಾತಾಡುವ ದೊಡ್ಡಮನುಷ್ಯರನ್ನು ಅಣಕಿಸುವ ಬರಹದಲ್ಲಿ ಇದನ್ನು ಒಬ್ಬರ ಬಾಯಿಗೆ ಹಾಕಿದ್ದ. ಅಂದರೆ ಆಗಲೇ ಹಳಸಿತ್ತು. ಹುಲ್ಲಿನ ಸೂರಿನ ಮೇಲೆ ನಾಯಿ ಬೆಕ್ಕು ಮಲಗುತ್ತಿದ್ದವು, ಮಳೆಗೆ ಜಾರಿ ಬೀಳುತ್ತಿದ್ದವು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಸುಳ್ಳು. ಮಳೆ ಬಂದರೆ ನಾಯಿ ಸೂರಿನ ಮೇಲೆ ಹತ್ತಿ ಕೂರುತ್ತದೆಯೇ? ಪಾವಗಡದ ಕಡೆಯವರು ಮಳೆಯನ್ನೇ ನೋಡುವುದು ಕಮ್ಮಿ, ಅವರಿಗೂ ಇಷ್ಟು ಗೊತ್ತು.

‘ಬ್ರೇಕ್ ಎ ಲೆಗ್’ ಅಂತ ವಿಶ್ ಮಾಡೋದು ಶಾಪ ಹಾಕಿದಂಗಲ್ವಾ?

ಕಾಲು ಮುರಿಯಲಿ ಅಂದರೆ ಒಳ್ಳೆಯದಾಗಲಿ ಅಂತ. ಇದು ರಂಗಭೂಮಿಯವರ ಮಾತು. ಪರದೆ ಏಳುವ ಮುಂಚೆ ‘ಗುಡ್ ಲಕ್’ ಅಂದರೆ ಕೆಟ್ಟದಾಗುತ್ತದೆ ಅನ್ನುವ ನಂಬಿಕೆ ಅಲ್ಲಿಯ ನಟರದು, ಅದಕ್ಕೆ ಉಲ್ಟಾ ಹೇಳುತ್ತಾರೆ. ಹೇಗೆ ಹುಟ್ಟಿತು ಅನ್ನುವುದಕ್ಕೆ ಹತ್ತು ಕಥೆಗಳಿವೆ, ಒಂದಕ್ಕೂ ಗಟ್ಟಿ ಆಧಾರ ಇಲ್ಲ.

ಇದು ನಮಗೆ ವಿಚಿತ್ರ ಅನ್ನಿಸಬಾರದು. ದೀಪ ಆರಿಸು ಅನ್ನದೆ ‘ದೀಪ ದೊಡ್ಡದು ಮಾಡು’ ಅನ್ನುವ ಜನ ನಾವು. ‘ಹೋಗ್ತೀನಿ’ ಅಂದರೆ ಅಜ್ಜಿ ಬೈಯುತ್ತಾರೆ, ‘ಹೋಗ್ಬರ್ತೀನಿ’ ಅನ್ನಬೇಕು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ‘ಗುಂಡ’, ‘ತಿಪ್ಪ’ ಅಂತ ಹೆಸರಿಟ್ಟು ಕೆಟ್ಟ ಕಣ್ಣನ್ನು ಏಮಾರಿಸುತ್ತಿದ್ದರು. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿ ಊರು ಇಲ್ಲೇ ಇಪ್ಪತ್ತು ಕಿಲೋಮೀಟರ್. ಬಣ್ಣ ಹಚ್ಚುವವರ ಅಂಜಿಕೆಯನ್ನು ಗುಬ್ಬಿಯವರಿಗೆ ಇಂಗ್ಲಿಷಿನವರು ಹೇಳಿಕೊಡಬೇಕಿಲ್ಲ. ಒಂದು ಎಚ್ಚರಿಕೆ: ಆಪರೇಷನ್‌ಗೆ ಹೋಗುವವರಿಗೆ ‘ಬ್ರೇಕ್ ಎ ಲೆಗ್’ ಅನ್ನಬೇಡಿ. ವೇದಿಕೆ, ಪರೀಕ್ಷೆ, ಇಂಟರ್‌ವ್ಯೂ, ಅಲ್ಲಿಗೆ ನಿಲ್ಲಿಸಿ.

## ಕನ್ನಡದ ಬಾಯಿ, ಇಂಗ್ಲಿಷಿನ ಕಿವಿ

‘ಪುಲ್ಲಿಂಗ್ ಮೈ ಲೆಗ್’ ಅಂದ್ರೆ ನಮ್ಮ ಕಾಲೆಳೆಯೋದೇ ತಾನೇ?

ಅರ್ಧ ಹೌದು. ನಮ್ಮ ಕಾಲೆಳೆಯುವುದರಲ್ಲಿ ಎರಡು ಬಗೆ. ಒಂದು, ಕಟ್ಟೆ ಮೇಲೆ ಕೂತು ಗೆಳೆಯನನ್ನು ರೇಗಿಸುವುದು. ಇನ್ನೊಂದು, ಮೇಲೇರುತ್ತಿರುವವನನ್ನು ಕೆಳಗೆ ಎಳೆಯುವುದು, ಎಲೆಕ್ಷನ್ ಟಿಕೆಟ್ ಹಂಚುವ ಹೊತ್ತಿನಲ್ಲಿ ನಡೆಯುವಂಥದ್ದು. ಇಂಗ್ಲಿಷಿನಲ್ಲಿ ಮೊದಲನೆಯದು ಮಾತ್ರ: ತಮಾಷೆಗೆ ಸುಳ್ಳು ಹೇಳಿ ನಂಬಿಸುವುದು. ‘ಮೈ ಕಲೀಗ್ಸ್ ಆರ್ ಪುಲ್ಲಿಂಗ್ ಮೈ ಲೆಗ್, ಸೋ ಐ ಡಿಡಂಟ್ ಗೆಟ್ ಪ್ರಮೋಷನ್’ ಅಂತ ಒಬ್ಬರು ಇಂಟರ್‌ವ್ಯೂನಲ್ಲಿ ಹೇಳಿ ಬಂದಿದ್ದರು. ಕೇಳಿದವರಿಗೆ ಆಫೀಸಿನಲ್ಲಿ ಎಲ್ಲರೂ ಜೋಕು ಹೊಡೆಯುತ್ತಾರೆ ಅಂತ ಅನ್ನಿಸಿರಬೇಕು.

ನಮ್ಮ ನುಡಿಗಟ್ಟನ್ನೇ ಇಂಗ್ಲಿಷಿಗೆ ಹಾಕಿ ಹೇಳಿದ್ರೆ ನಡೆಯಲ್ವಾ?

ಕೆಲವು ನಡೆಯುತ್ತವೆ, ಅದೃಷ್ಟ. ಬೆಣ್ಣೆ ಹಚ್ಚುವುದು ಅಲ್ಲೂ ‘ಬಟರ್ ಅಪ್’. ತಣ್ಣೀರೆರಚುವುದು ಅಲ್ಲೂ ತಣ್ಣೀರೇ. ಗಾಯಕ್ಕೆ ಉಪ್ಪು ಸವರುವುದು, ಮೊಸಳೆ ಕಣ್ಣೀರು, ಒಂದೇ ಕಲ್ಲಿಗೆ ಎರಡು ಹಕ್ಕಿ, ಎಲ್ಲ ಎರಡೂ ಕಡೆ ಇವೆ. ಉರಿಯುವ ಬೆಂಕಿಗೆ ನಾವು ತುಪ್ಪ ಸುರಿದರೆ ಅವರು ‘ಫ್ಯೂಯಲ್’ ಹಾಕುತ್ತಾರೆ. ನಮ್ಮದು ಖರ್ಚಿನ ಬಾಬತ್ತು.

ಆದರೆ ‘ಡೋಂಟ್ ಈಟ್ ಮೈ ಹೆಡ್’ ಗಡಿ ದಾಟುವುದಿಲ್ಲ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ಬಿಡಿಸುವುದು ಕಷ್ಟ. ಮನೆಯ ತೆಲುಗಿನಲ್ಲೂ ತಲೆ ತಿನ್ನುತ್ತಾರೆ, ಬೀದಿಯ ಕನ್ನಡದಲ್ಲೂ ತಿನ್ನುತ್ತಾರೆ, ಇಂಗ್ಲಿಷಿನಲ್ಲಿ ಮಾತ್ರ ಯಾಕೆ ತಿನ್ನಬಾರದು ಅಂತ ಅವರ ವಾದ. ವಾದ ಸರಿಯಾಗೇ ಇದೆ, ಕೇಳಿದವರು ಬೆಚ್ಚಿಬೀಳುತ್ತಾರೆ ಅಷ್ಟೇ. ‘ಸ್ಟಾಪ್ ಬಗ್ಗಿಂಗ್ ಮಿ’ ಅನ್ನಿ. ಹೊಟ್ಟೆ ಉರಿಯನ್ನು ‘ಹಾರ್ಟ್‌ಬರ್ನ್’ ಅನ್ನಬೇಡಿ, ಅದು ಆಸಿಡಿಟಿಯ ಎದೆಯುರಿ, ಮಾತ್ರೆ ಕೊಟ್ಟಾರು. ಅಸೂಯೆಗೆ ‘ಗ್ರೀನ್ ವಿತ್ ಎನ್ವಿ’ ಇದೆ. ಕಣ್ಣಿಗೆ ಮಣ್ಣೆರಚಿದ್ದಕ್ಕೆ ‘ಪುಲ್ಡ್ ದ ವುಲ್ ಓವರ್ ಮೈ ಐಸ್’, ಅವರದು ಕುರಿ ಉಣ್ಣೆ. ಕಿವಿ ಮೇಲೆ ಹೂ ಇಡುವುದಕ್ಕೆ ಸರಿಸಮ ನನಗೆ ಇವತ್ತಿಗೂ ಸಿಕ್ಕಿಲ್ಲ. ಅಷ್ಟು ಚೆನ್ನಾಗಿ ಏಮಾರಿಸುವ ಕಲೆ ಅವರಿಗಿಲ್ಲವೇನೋ.

‘ಔಟ್ ಆಫ್ ಸ್ಟೇಷನ್’, ‘ಡು ದ ನೀಡ್‌ಫುಲ್’ ಎಲ್ಲ ತಪ್ಪು ಇಂಗ್ಲಿಷಾ?

ತಪ್ಪಲ್ಲ, ನಮ್ಮ ಇಂಗ್ಲಿಷು. ‘ಸ್ಟೇಷನ್’ ಅಂದರೆ ರೈಲ್ವೆ ಸ್ಟೇಷನ್ ಅಲ್ಲ. ಬ್ರಿಟಿಷ್ ಸರ್ಕಾರದ ಅಧಿಕಾರಿಯನ್ನು ನೇಮಿಸಿದ ಊರು. ಆತ ಊರು ಬಿಟ್ಟರೆ ‘ಔಟ್ ಆಫ್ ಸ್ಟೇಷನ್’. ಅವರು ಹೋದರು, ಮಾತು ನಮ್ಮ ತಾಲ್ಲೂಕು ಆಫೀಸಿನಲ್ಲಿ ಉಳಿಯಿತು. ‘ಡು ದ ನೀಡ್‌ಫುಲ್’, ಅಂದರೆ ಬೇಕಾದ್ದನ್ನು ಮಾಡಿ ಅನ್ನುವುದು ಕೂಡ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೇ ಬಳಕೆಯಲ್ಲಿತ್ತು, ಅಲ್ಲಿ ಸೊರಗಿತು, ಇಲ್ಲಿ ಅರ್ಜಿ ಬರೆಯುವವರ ಕೈಯಲ್ಲಿ ಗಟ್ಟಿಯಾಗಿದೆ. ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಮುಗಿಸುವುದಕ್ಕೆ ನಾವು ಹೇಳುವ ‘ಪ್ರೀಪೋನ್’ ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ, ಅದಕ್ಕೆ ಅಂಜಬೇಕಿಲ್ಲ.

ಹೊರಗಿನವರ ಹತ್ತಿರ ಎಚ್ಚರ ಬೇಕಾದದ್ದು ಒಂದೇ: ‘ಐ ಪಾಸ್ಡ್ ಔಟ್ ಇನ್ 2019’. ನಾವು ಡಿಗ್ರಿ ಮುಗಿಸಿದೆ ಅಂತ ಹೇಳುತ್ತೇವೆ, ಅವರು ಪ್ರಜ್ಞೆ ತಪ್ಪಿ ಬಿದ್ದೆ ಅಂತ ಕೇಳಿಸಿಕೊಳ್ಳುತ್ತಾರೆ. ‘ಗ್ರಾಜುಯೇಟೆಡ್’ ಅನ್ನಿ.

ಕನ್ನಡ ಪೇಪರಲ್ಲಿ ಬರೋ ‘ಹಸಿರು ನಿಶಾನೆ’, ‘ಬೆಳಕು ಚೆಲ್ಲು’ ಇಂಗ್ಲಿಷಿಂದ ಬಂದಿದ್ದಾ?

ಹೌದು. ‘ಕೆಂಪು ಪಟ್ಟಿ’, ‘ಬಿಳಿ ಆನೆ’, ‘ಶೀತಲ ಸಮರ’ ಕೂಡ. ಇಂಗ್ಲೆಂಡಿನಲ್ಲಿ ಸರ್ಕಾರಿ ಕಾಗದಪತ್ರಗಳನ್ನು ಕೆಂಪು ಲಾಡಿಯಲ್ಲಿ ಕಟ್ಟುತ್ತಿದ್ದರು, ಅದೇ ‘ರೆಡ್ ಟೇಪ್’. ಕೆಲವು ಚೆನ್ನಾಗಿ ಬೇರೂರಿವೆ, ಕೆಲವನ್ನು ಓದಿದರೆ ಇನ್ನೂ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತೆ.

## ಕೆಲಸದ ಜಾಗದಲ್ಲಿ

ವರ್ಕ್ ಫ್ರಮ್ ಹೋಮ್ ಮೀಟಿಂಗಲ್ಲಿ ಅಮೆರಿಕದೋರು ಏನೇನೋ ಅಂತಾರೆ, ‘ಓಕೆ ಓಕೆ’ ಅಂದ್ಬಿಡ್ತೀನಿ. ಏನದು?

ಮೊದಲು ಆ ‘ಓಕೆ ಓಕೆ’ ನಿಲ್ಲಿಸಿ, ಅದು ಕೆಲಸ ಒಪ್ಪಿಕೊಂಡ ಲೆಕ್ಕ.

ಅವರ ಮಾತಿನ ತುಂಬ ಬೇಸ್‌ಬಾಲ್ ಇದೆ. ನಾವು ಆ ಆಟ ನೋಡಿಲ್ಲ, ಅದಕ್ಕೇ ತಲೆಗೆ ಹೋಗುವುದಿಲ್ಲ. ‘ಟಚ್ ಬೇಸ್’ ಅಂದರೆ ಒಂದು ಮಾತು ಆಡಿ ಸಂಪರ್ಕದಲ್ಲಿರುವುದು. ‘ಬಾಲ್‌ಪಾರ್ಕ್ ಫಿಗರ್’ ಅಂದರೆ ಅಂದಾಜು ಲೆಕ್ಕ, ನಮ್ಮ ‘ಹೆಚ್ಚೂಕಮ್ಮಿ ಇಷ್ಟು’. ‘ಸ್ಟೆಪ್ ಅಪ್ ಟು ದ ಪ್ಲೇಟ್’ ಅಂದರೆ ಹೊಣೆ ಹೊತ್ತು ಮುಂದೆ ಬಾ. ಆ ಪ್ಲೇಟು ಊಟದ ತಟ್ಟೆ ಅಲ್ಲ, ಬ್ಯಾಟು ಹಿಡಿದವನು ನಿಲ್ಲುವ ಜಾಗ. ‘ಬಾಲ್ ಇಸ್ ಇನ್ ಯುವರ್ ಕೋರ್ಟ್’ ಟೆನಿಸ್ಸಿನದು: ಇನ್ನು ನೀವುಂಟು ನಿಮ್ಮ ಕೆಲಸ ಉಂಟು.

‘ಲೋ ಹ್ಯಾಂಗಿಂಗ್ ಫ್ರೂಟ್’ ಅಂದರೆ ಸುಲಭವಾಗಿ ಮುಗಿಯುವ ಕೆಲಸ. ಶ್ರೀನಿವಾಸಪುರದ ಮಾವಿನ ತೋಪಿನವರಿಗೆ ತಕ್ಷಣ ಹೊಳೆಯುತ್ತೆ, ಕೈಗೆಟುಕುವ ಕೊಂಬೆಯ ಕಾಯಿ. ನಮ್ಮ ತೆಂಗಿನ ಸೀಮೆಯವರು ಸ್ವಲ್ಪ ಯೋಚನೆ ಮಾಡಬೇಕು. ‘ಲೆಟ್ಸ್ ಟೇಕ್ ದಿಸ್ ಆಫ್‌ಲೈನ್’ ಅಂದರೆ ನೆಟ್ ಆಫ್ ಮಾಡಿ ಅಂತಲ್ಲ, ಇದನ್ನು ಎಲ್ಲರ ಮುಂದೆ ಬೇಡ, ಆಮೇಲೆ ನಾವಿಬ್ಬರೇ ಮಾತಾಡೋಣ ಅಂತ. ಎಷ್ಟೋ ಸಲ ‘ಸುಮ್ಮನಿರು ಮಾರಾಯ’ ಅನ್ನುವುದರ ಮರ್ಯಾದಸ್ತ ರೂಪ.

ಮಗಳು ನರ್ಸು, ಯುಕೆಗೆ ಹೋಗ್ತಿದಾಳೆ. ಪೇಷಂಟ್ ಮಾತು ಅರ್ಥ ಆಗದಿದ್ರೆ ಏನ್ ಗತಿ?

ಈ ತಾಯಿಯ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಒಳ್ಳೆ ಅಂಕ ಬಂದವರೂ ವಾರ್ಡಿನಲ್ಲಿ ತಬ್ಬಿಬ್ಬಾಗುತ್ತಾರೆ. ಯಾಕೆಂದರೆ ಪೇಷಂಟು ಡಾಕ್ಟರ ಭಾಷೆ ಆಡುವುದಿಲ್ಲ. ನಮ್ಮಲ್ಲೂ ಯಾರೂ ‘ನನಗೆ ಅತಿಸಾರ’ ಅನ್ನುವುದಿಲ್ಲ, ‘ಹೊಟ್ಟೆ ಕೆಟ್ಟಿದೆ ಸಿಸ್ಟರ್’ ಅನ್ನುತ್ತಾರೆ. ಅಲ್ಲಿ ಅದು ‘ಐ ಹ್ಯಾವ್ ಗಾಟ್ ದ ರನ್ಸ್’. ಕ್ರಿಕೆಟ್ ರನ್ನು ಅಲ್ಲ.

‘ಫೀಲಿಂಗ್ ಪೂರ್‌ಲಿ’, ‘ಆಫ್ ಕಲರ್’ ಎರಡೂ ಮೈ ಸರಿಯಿಲ್ಲ ಅಂತ. ‘ನ್ಯಾಕರ್ಡ್’ ಅಂದರೆ ಸುಸ್ತಾಗಿ ಬಿದ್ದುಹೋಗಿದ್ದೇನೆ. ‘ಪಿನ್ಸ್ ಅಂಡ್ ನೀಡಲ್ಸ್’ ಅಂದರೆ ಕೈಕಾಲು ಜುಮ್ಮು ಹಿಡಿದಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳದೆ ಡಾಕ್ಟರಿಗೆ ಹೇಳಬೇಕು. ‘ಮೈ ಬ್ಯಾಕ್ ಇಸ್ ಕಿಲ್ಲಿಂಗ್ ಮಿ’ ಅಂದರೆ ಸೊಂಟ ಸಿಡಿಯುತ್ತಿದೆ. ‘ಟ್ರಬಲ್ ವಿತ್ ದ ವಾಟರ್‌ವರ್ಕ್ಸ್’ ಅಂದರೆ ನಲ್ಲಿ ಕೆಟ್ಟಿಲ್ಲ, ಮೂತ್ರದ ತೊಂದರೆ; ಹೇಳಿಕೊಳ್ಳಲು ನಾಚಿಕೊಳ್ಳುವ ಮುದುಕರ ಮಾತು. ‘ಫ್ರಾಗ್ ಇನ್ ಮೈ ಥ್ರೋಟ್’ ಅಂದರೆ ಗಂಟಲು ಕಟ್ಟಿದೆ. ‘ಆನ್ ದ ಮೆಂಡ್’ ಅಂದರೆ ಚೇತರಿಸಿಕೊಳ್ಳುತ್ತಿದ್ದಾರೆ. ‘ಟಚ್ ಅಂಡ್ ಗೋ’ ಅಂದರೆ ಉಳಿಯುವುದೂ ಬಿಡುವುದೂ ಹೇಳಲಾಗದ ಸ್ಥಿತಿ, ಇದನ್ನು ತಪ್ಪಾಗಿ ಕೇಳಿಸಿಕೊಂಡರೆ ಕೆಟ್ಟಿತು.

‘ಐ ನೀಡ್ ಟು ಸ್ಪೆಂಡ್ ಎ ಪೆನ್ನಿ’ ಅಂದರೆ ಅಂಗಡಿಗಲ್ಲ, ಶೌಚಕ್ಕೆ. ಅಲ್ಲಿ ಸಾರ್ವಜನಿಕ ಶೌಚಾಲಯದ ಬಾಗಿಲ ಬೀಗಕ್ಕೆ ಒಂದು ಪೆನ್ನಿ ನಾಣ್ಯ ಹಾಕಬೇಕಿತ್ತು. ಚಿಲ್ಲರೆ ಕೊಟ್ಟು ಒಳಗೆ ಹೋಗುವ ನಮ್ಮ ಬಸ್ ಸ್ಟ್ಯಾಂಡಿನವರಿಗೆ ಇದರ ವಿವರಣೆ ಬೇಕಾಗಿಲ್ಲ.

ಇಷ್ಟನ್ನೂ ಮಗಳು ಬಾಯಲ್ಲಿ ಆಡಬೇಕಿಲ್ಲ, ಕಿವಿಗೆ ಗೊತ್ತಿದ್ದರೆ ಸಾಕು. ವಾಪಸ್ ಹೇಳುವಾಗ ಸರಳ ಇಂಗ್ಲಿಷಿನಲ್ಲೇ ಹೇಳಲಿ.

ಫೋನಲ್ಲಿ ಗೊತ್ತಾಗದೆ ಇರೋ ಮಾತು ಬಂದ್ರೆ ಗೊತ್ತಾದಂಗೆ ನಟಿಸಿದ್ರೆ ಆಯ್ತಲ್ವಾ?

ನಾನು ನಟಿಸಿದ್ದೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಉತ್ತರ ಇಂಗ್ಲೆಂಡಿನ ಒಬ್ಬ ಅಜ್ಜಿ. ಖಾತೆ ಗಂಡನ ಹೆಸರಲ್ಲಿತ್ತು, ಅವರೇ ಮಾತಾಡಬೇಕು ಅಂತ ನಿಯಮ. ಅಜ್ಜಿ ‘ಹಿ ಪಾಪ್ಡ್ ಹಿಸ್ ಕ್ಲಾಗ್ಸ್ ಇನ್ ಮಾರ್ಚ್, ಲವ್’ ಅಂದರು. ಕ್ಲಾಗ್ಸ್ ಅಂದರೆ ಚಪ್ಪಲಿ ಥರ ಏನೋ ಅಂತ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಎಲ್ಲೋ ಹೋಗಿದ್ದಾರೆ ಅಂದುಕೊಂಡೆ. ‘ನೋ ಪ್ರಾಬ್ಲಮ್ ಮೇಡಂ, ವೆನ್ ವಿಲ್ ಹಿ ಬಿ ಬ್ಯಾಕ್?’ ಅಂದೆ.

ಆ ಕಡೆ ಸದ್ದಿಲ್ಲ. ಆಮೇಲೆ ಅಜ್ಜಿ ನಕ್ಕರು, ಜೋರಾಗಿ, ಕೆಮ್ಮು ಬರುವಷ್ಟು. ‘ನಾಟ್ ಸೂನ್, ಐ ಹೋಪ್’ ಅಂದರು. ಸತ್ತುಹೋದರು ಅನ್ನುವುದನ್ನು ತಮಾಷೆಗೆ ಹೇಳುವ ಬಗೆ ಅದು. ಕ್ಲಾಗ್ಸ್ ಅಂದರೆ ಆ ಸೀಮೆಯ ಗಿರಣಿ ಕೆಲಸಗಾರರು ಹಾಕುತ್ತಿದ್ದ ಮರದ ಅಟ್ಟೆಯ ಬೂಟು. ನಮ್ಮ ‘ಟಿಕೆಟ್ ತಗೊಂಡ’, ‘ಗೊಟಕ್ ಅಂದ’ ಇದ್ದ ಹಾಗೆ. ಹೆಂಡತಿ ಸ್ವಂತ ಗಂಡನ ಬಗ್ಗೆ ಹಾಗನ್ನಬಹುದು, ನಾವು ಅವರಿಗೆ ವಾಪಸ್ ಅನ್ನುವ ಹಾಗಿಲ್ಲ.

ನನ್ನ ಪುಣ್ಯ, ಅಜ್ಜಿ ಒಳ್ಳೆಯವರು. ಆ ರಾತ್ರಿ ರೈಲು ಯಶವಂತಪುರ ದಾಟಿ ದಾಬಸ್‌ಪೇಟೆ ಬರುವವರೆಗೂ ಕಿವಿ ಬಿಸಿಯಾಗಿತ್ತು. ಅಲ್ಲಿಂದ ಮುಂದೆ ನಾನು ಬಳಸಿದ್ದು ಒಂದೇ ವಾಕ್ಯ: ‘ಸಾರಿ, ಐ ಹ್ಯಾವಂಟ್ ಹರ್ಡ್ ದಟ್ ಒನ್ ಬಿಫೋರ್. ವಾಟ್ ಡಸ್ ಇಟ್ ಮೀನ್?’ ಬೇಜಾರಾದವರು ಒಬ್ಬರೂ ಇಲ್ಲ. ತಮ್ಮ ಊರ ಮಾತನ್ನು ವಿವರಿಸುವುದು ಎಲ್ಲರಿಗೂ ಖುಷಿ.

ಬಾಯಿಗೇ ತರಬಾರದು ಅನ್ನೋವು ಯಾವುವು?

ಸಾವಿನ ಮನೆಯಲ್ಲಿ ‘ಕಿಕ್ಡ್ ದ ಬಕೆಟ್’ ಬೇಡ, ಅದೂ ಸತ್ತ ಅನ್ನುವುದರ ತಮಾಷೆಯ ರೂಪ. ‘ನಾಕ್ ಮಿ ಅಪ್ ಅಟ್ ಸಿಕ್ಸ್’ ಅಂದರೆ ಹಳೇ ಬ್ರಿಟಿಷರಿಗೆ ಬಾಗಿಲು ತಟ್ಟಿ ಎಬ್ಬಿಸು ಅಂತ, ಅಮೆರಿಕದವರಿಗೆ ಬಸಿರು ಮಾಡು ಅಂತ. ಅಲಾರಂ ಇಟ್ಟುಕೊಳ್ಳಿ.

## ಸ್ವಲ್ಪ ಮುಂದೆ ಹೋದವರಿಗೆ

ಬ್ರಿಟಿಷ್ ಈಡಿಯಮ್ಮು, ಅಮೆರಿಕನ್ ಈಡಿಯಮ್ಮು ಬೇರೆ ಬೇರೆನಾ?

ತುಂಬ ಕಡೆ ಸಾಮಾನು ಬದಲು, ಮಾತು ಒಂದೇ. ಸಣ್ಣ ವಿಷಯಕ್ಕೆ ದೊಡ್ಡ ರಂಪ ಆದರೆ ಬ್ರಿಟಿಷರಿಗೆ ‘ಸ್ಟಾರ್ಮ್ ಇನ್ ಎ ಟೀಕಪ್’, ಅಮೆರಿಕದವರಿಗೆ ‘ಟೆಂಪೆಸ್ಟ್ ಇನ್ ಎ ಟೀಪಾಟ್’. ದೃಷ್ಟಿ ತಾಗದಿರಲಿ ಅಂತ ಅವರು ‘ಟಚ್ ವುಡ್’, ಇವರು ‘ನಾಕ್ ಆನ್ ವುಡ್’. ಮನೆಯ ಗುಟ್ಟಿನ ಅಸ್ಥಿಪಂಜರ ಇಂಗ್ಲೆಂಡಿನಲ್ಲಿ ‘ಕಬರ್ಡ್’ ಒಳಗೆ, ಅಮೆರಿಕದಲ್ಲಿ ‘ಕ್ಲಾಸೆಟ್’ ಒಳಗೆ. ಮುಗಿದ ವಿಷಯವನ್ನೇ ಎಳೆಯುವವರು ಸತ್ತ ಕುದುರೆಯನ್ನು ಬ್ರಿಟನ್ನಿನಲ್ಲಿ ‘ಫ್ಲಾಗ್’ ಮಾಡುತ್ತಾರೆ, ಅಮೆರಿಕದಲ್ಲಿ ‘ಬೀಟ್’ ಮಾಡುತ್ತಾರೆ. ಹೊಡೆತ ಎರಡೂ ಕಡೆ ತಪ್ಪಿದ್ದಲ್ಲ. ತನ್ನ ತುತ್ತೂರಿ ತಾನೇ ಊದುವುದಕ್ಕೆ ಬ್ರಿಟಿಷರದು ‘ಟ್ರಂಪೆಟ್’, ಅಮೆರಿಕದವರದು ‘ಹಾರ್ನ್’.

ನಿಜವಾದ ಅಪಾಯ ‘ಟೇಬಲ್’ ಅನ್ನುವುದರಲ್ಲಿದೆ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು, ನಮ್ಮ ವಿಧಾನಸೌಧದಲ್ಲೂ ಅದೇ ಅರ್ಥ. ಅಮೆರಿಕದಲ್ಲಿ ಪಕ್ಕಕ್ಕೆ ಇಡುವುದು. ಒಂದೇ ಮೀಟಿಂಗಿನಲ್ಲಿ ಎರಡೂ ದೇಶದವರಿದ್ದರೆ ಆ ಪದವನ್ನೇ ಬಿಡಿ.

ನುಡಿಗಟ್ಟಿನ ಒಳಗಿನ ಪದ ಆಚೀಚೆ ಮಾಡಬಹುದಾ? ಪ್ಯಾಸಿವ್ ವಾಯ್ಸ್ ಮಾಡಬಹುದಾ?

ಕೆಲವು ಬಗ್ಗುತ್ತವೆ, ಕೆಲವು ಮುರಿಯುತ್ತವೆ. ‘ದ ಬೀನ್ಸ್ ವರ್ ಸ್ಪಿಲ್ಡ್’ ಅನ್ನಬಹುದು. ‘ದ ಬಕೆಟ್ ವಾಸ್ ಕಿಕ್ಡ್ ಬೈ ಹಿಮ್’ ಅಂದರೆ ಯಾರೂ ಸಾಯುವುದಿಲ್ಲ, ನಿಜವಾದ ಬಕೆಟ್ಟು ಉರುಳುತ್ತೆ. ‘ಡಾಗ್ಸ್ ಅಂಡ್ ಕ್ಯಾಟ್ಸ್’ ಅಂತ ತಿರುಗಿಸಿದರೆ ಮಳೆ ನಿಂತುಹೋಗುತ್ತೆ.

ಇದಕ್ಕೆ ಸೂತ್ರ ಕೇಳುತ್ತೀರಿ. ಒಂದು ಮಟ್ಟಿಗೆ ಇದೆ: ಪ್ರತಿ ಪದಕ್ಕೂ ಒಂದು ಪಾಲು ಅರ್ಥ ಇದ್ದರೆ ಅದು ಬಗ್ಗುತ್ತೆ. ಬೀನ್ಸ್ ಅಂದರೆ ಗುಟ್ಟು, ಸ್ಪಿಲ್ ಅಂದರೆ ಹೊರಗೆ ಚೆಲ್ಲುವುದು. ಬಕೆಟ್ಟಿಗೆ ಅಂಥ ಪಾಲಿಲ್ಲ. ಕನ್ನಡದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ‘ಅವನು ಕೈ ಕೊಟ್ಟ’ ಅನ್ನಿ, ಮೋಸ. ‘ಅವನು ಕೈಯನ್ನು ಕೊಟ್ಟ’ ಅನ್ನಿ, ಮೋಸ ಮಾಯ, ಬರೀ ಕೈ ಉಳಿಯಿತು. ಒಂದು ‘ಅನ್ನು’ ಸೇರಿದ್ದಕ್ಕೆ ನುಡಿಗಟ್ಟು ಸತ್ತಿತು. ‘ಆ ಸೈಟಿನ ಮೇಲೆ ಕಣ್ಣು ಹಾಕಿದ’ ಅನ್ನುವುದಕ್ಕೂ ‘ಕಣ್ಣನ್ನು ಹಾಕಿದ’ ಅನ್ನುವುದಕ್ಕೂ ಎಷ್ಟು ದೂರ ನೋಡಿ. ಇದನ್ನು ನಮಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಕ್ರಿಕೆಟ್ ಈಡಿಯಮ್ ಆದ್ರೆ ನಮಗೆ ಸುಲಭ ಅಲ್ವಾ?

ಅಲ್ಲೇ ಮೋಸ ಹೋಗುತ್ತೀರಿ. ‘ಐ ವಾಸ್ ನಾಕ್ಡ್ ಫಾರ್ ಸಿಕ್ಸ್’ ಅಂದರೆ ಸಿಕ್ಸರ್ ಸಂಭ್ರಮ ಅಲ್ಲ, ಆಘಾತದಿಂದ ತತ್ತರಿಸಿದೆ ಅಂತ. ನಾವು ಸಿಕ್ಸನ್ನು ಬ್ಯಾಟು ಹಿಡಿದವನ ಕಡೆಯಿಂದ ನೋಡುತ್ತೇವೆ, ನುಡಿಗಟ್ಟು ಹೊಡೆಸಿಕೊಂಡವನ ಕಡೆಯಿಂದ ನೋಡುತ್ತೆ. ‘ಸ್ಟಿಕಿ ವಿಕೆಟ್’ ಅಂದರೆ ಇಕ್ಕಟ್ಟು. ಪಿಚ್ಚಿಗೆ ಹೊದಿಕೆ ಹಾಕದ ಕಾಲದಲ್ಲಿ ನೆಂದು ಒಣಗುತ್ತಿರುವ ಪಿಚ್ಚಿನ ಮೇಲೆ ಚೆಂಡು ಹೇಗೆಂದರೆ ಹಾಗೆ ಏಳುತ್ತಿತ್ತು. ತೊಂಬತ್ತು ದಾಟಿ ತೀರಿಕೊಂಡ ತಾತನ ಬಗ್ಗೆ ‘ಹಿ ಹ್ಯಾಡ್ ಎ ಗುಡ್ ಇನ್ನಿಂಗ್ಸ್’ ಅಂದರೆ ತುಂಬು ಜೀವನ ನಡೆಸಿದರು ಅಂತ. ಇದು ನನಗೆ ಬಹಳ ಇಷ್ಟ.

ನಮ್ಮದು ಕೆಜಿಎಫ್. ಚಿನ್ನದ ಮೇಲೆ ಇರೋ ಈಡಿಯಮ್ ಎಲ್ಲ ನಮ್ಮ ಕಡೆಯಿಂದ ಹೋದವಾ?

ಆಸೆ ಒಳ್ಳೆಯದೇ. ನನ್ನ ತವರೂ ಬಂಗಾರಪೇಟೆ, ನನಗೂ ಹಾಗೆ ಆಸೆ ಇತ್ತು. ಆದರೆ ಇಲ್ಲ. ‘ಪ್ಯಾನ್ ಔಟ್’ ಅನ್ನುವುದನ್ನು ನೋಡಿ. ‘ದ ಪ್ಲಾನ್ ಡಿಡಂಟ್ ಪ್ಯಾನ್ ಔಟ್’ ಅಂದರೆ ಯೋಜನೆ ಕೈಗೂಡಲಿಲ್ಲ. ಹೊಳೆಯ ಮರಳನ್ನು ಬಾಣಲಿಯಂಥ ತಟ್ಟೆಯಲ್ಲಿ ಜಾಲಾಡಿಸಿ ಚಿನ್ನದ ಕಣ ಹುಡುಕುವ ಕೆಲಸ ‘ಪ್ಯಾನಿಂಗ್’. ಕ್ಯಾಲಿಫೋರ್ನಿಯಾಕ್ಕೆ 1849ರಲ್ಲಿ ನುಗ್ಗಿದ ಜನ ಮಾಡಿದ್ದು ಅದನ್ನೇ. ‘ಹಿಟ್ ಪೇ ಡರ್ಟ್’ ಕೂಡ ಅವರ ಕಡೆಯದು, ಲಾಭ ಕೊಡುವ ಮಣ್ಣು ಸಿಕ್ಕಿತು ಅಂತ.

ಕೋಲಾರದ ಚಿನ್ನ ತಟ್ಟೆಗೆ ಸಿಗುವಂಥದ್ದಾಗಿರಲಿಲ್ಲ. ಗಟ್ಟಿ ಬೆಣಚುಕಲ್ಲಿನ ಒಳಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆ ಕಲ್ಲನ್ನು ಮೇಲೆತ್ತಿ, ಮಿಲ್ಲಿನಲ್ಲಿ ಕುಟ್ಟಿ ಪುಡಿ ಮಾಡಿ ಚಿನ್ನ ತೆಗೆಯುತ್ತಿದ್ದರು. ಇಳಿದು ಇಳಿದು ಮೂರು ಕಿಲೋಮೀಟರ್ ಆಳ ದಾಟಿದರು. 2001ರಲ್ಲಿ ಗಣಿ ಮುಚ್ಚಿತು. ‘ಕ್ಯಾನರಿ ಇನ್ ದ ಕೋಲ್ ಮೈನ್’ ಅನ್ನುವುದೂ ಕೆಜಿಎಫ್ ಮಾತಲ್ಲ. ಅದು ಕಲ್ಲಿದ್ದಲು ಗಣಿಯದು. ವಿಷಗಾಳಿ ಬಂದರೆ ಮನುಷ್ಯನಿಗಿಂತ ಮೊದಲು ಪಂಜರದ ಹಕ್ಕಿ ಬೀಳುತ್ತಿತ್ತು, ಬ್ರಿಟನ್ನಿನಲ್ಲಿ 1986ರವರೆಗೂ ಆ ಹಕ್ಕಿಗಳಿದ್ದವು. ಬರಲಿರುವ ಕೇಡಿನ ಮೊದಲ ಸುಳಿವಿಗೆ ಈಗ ಆ ಮಾತು. ಕೆಜಿಎಫ್‌ನ ಭಯವೇ ಬೇರೆ: ರಾಕ್ ಬರ್ಸ್ಟ್, ಬಂಡೆ ಒಮ್ಮೆಗೇ ಸಿಡಿಯುವುದು. ಅದಕ್ಕೆ ಯಾವ ಹಕ್ಕಿಯೂ ಮುನ್ಸೂಚನೆ ಕೊಡುವುದಿಲ್ಲ.

‘ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ಗೆ ಕನ್ನಡದಲ್ಲಿ ಏನನ್ನೋದು?

ನ್ಯೂಕ್ಯಾಸಲ್ ಒಂದು ಕಾಲಕ್ಕೆ ಇಂಗ್ಲೆಂಡಿನ ಕಲ್ಲಿದ್ದಲಿನ ಬಂದರಾಗಿತ್ತು, ಅಲ್ಲಿಗೆ ಕಲ್ಲಿದ್ದಲು ಹೊತ್ತುಕೊಂಡು ಹೋಗುವುದು ದಂಡದ ಕೆಲಸ. ಕ್ಲಾಸಿನಲ್ಲಿ ಇದನ್ನು ಕೇಳಿದಾಗ ಜಗಳವೇ ಆಯಿತು. ನಮ್ಮವರು ‘ತಿಪಟೂರಿಗೆ ಕೊಬ್ಬರಿ’ ಅಂದರು. ಕೋಲಾರದ ಒಬ್ಬಳು ‘ಎಪಿಎಂಸಿಗೆ ಟೊಮೆಟೊ’ ಅಂದಳು. ಅವಳದೇ ಚೆನ್ನಾಗಿದೆ. ರೇಟು ಬಿದ್ದ ದಿನ ಬಾಕ್ಸುಗಟ್ಟಲೆ ರಸ್ತೆ ಬದಿ ಸುರಿದದ್ದನ್ನು ನೋಡಿದವರಿಗೆ ಅದು ಬರೀ ನುಡಿಗಟ್ಟು ಅಲ್ಲ.

ಈಡಿಯಮ್ ಹಿಂದಿನ ಕಥೆಗಳನ್ನ ನಂಬಬಹುದಾ?

ಕಥೆ ಎಷ್ಟು ಸೊಗಸಾಗಿದೆಯೋ ಅಷ್ಟು ಅನುಮಾನ ಪಡಿ. ‘ಬಾಬ್ಸ್ ಯುವರ್ ಅಂಕಲ್’ ಅಂದರೆ ‘ಅಷ್ಟೇ, ಆಗೋಯ್ತು’ ಅಂತ. 1887ರಲ್ಲಿ, ಮುಳಬಾಗಿಲಿನಲ್ಲಿ ಡಿ.ವಿ.ಜಿ. ಹುಟ್ಟಿದ ವರ್ಷ, ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಸೆಸಿಲ್ ತನ್ನ ಸೋದರಳಿಯ ಬಾಲ್ಫರ್‌ಗೆ ಐರ್ಲೆಂಡಿನ ದೊಡ್ಡ ಹುದ್ದೆ ಕೊಟ್ಟ. ರಾಬರ್ಟ್ ಅಂದರೆ ಬಾಬ್. ಬಾಬ್ ನಿನ್ನ ಮಾವ ಆದರೆ ಕೆಲಸ ಆಯಿತು ಅಂತ ಕಥೆ. ಮಾವನ ಕೃಪೆ ನಮಗೂ ಹೊಸದಲ್ಲ, ಅದಕ್ಕೇ ಕೇಳಿದ ಕೂಡಲೇ ನಂಬುತ್ತೇವೆ. ತೊಡಕು ಏನೆಂದರೆ ಆ ಮಾತು ಬರಹದಲ್ಲಿ ಕಾಣಿಸಿಕೊಳ್ಳುವುದು ಅದಾಗಿ ಎಷ್ಟೋ ದಶಕದ ಮೇಲೆ.

ಗಟ್ಟಿ ಆಧಾರ ಇರುವ ಒಂದು ಹೇಳುತ್ತೇನೆ, ಅದರಲ್ಲಿ ನಮ್ಮ ದೇಶವೂ ಇದೆ. ‘ಗಾನ್ ಡೂಲಾಲಿ’ ಅಂದರೆ ತಲೆ ಕೆಟ್ಟಿದೆ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಬ್ರಿಟಿಷ್ ಸೈನಿಕರ ಶಿಬಿರ ಇತ್ತು. ಸೇವೆ ಮುಗಿಸಿದವರು ಊರಿಗೆ ಹೋಗುವ ಹಡಗಿಗೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಬಿಸಿಲು, ಬೇಸರ, ಕೆಲಸವಿಲ್ಲ. ತಲೆ ಕೆಟ್ಟವರಿಗೆ ‘ಡೂಲಾಲಿ ಟ್ಯಾಪ್’ ಹಿಡಿದಿದೆ ಅನ್ನುತ್ತಿದ್ದರು. ಆ ಟ್ಯಾಪ್ ಅಂದರೆ ನೀರಿನ ನಲ್ಲಿ ಅಲ್ಲ, ನಮ್ಮ ತಾಪ. ‘ಹ್ಯಾವ್ ಎ ಡೆಕ್ಕೊ’ (ಒಂದು ಸಲ ನೋಡು) ಅನ್ನುವುದರೊಳಗೆ ಹಿಂದಿಯ ‘ದೇಖೋ’ ಇದೆ, ‘ಕುಶಿ ಜಾಬ್’ (ಆರಾಮದ ಕೆಲಸ) ಅನ್ನುವುದರೊಳಗೆ ನಮ್ಮ ಖುಷಿಯೇ ಇದೆ.

ಬ್ಯಾಂಕ್ ಎಕ್ಸಾಮಿಗೆ ಎಷ್ಟು ಬಾಯಿಪಾಠ ಮಾಡ್ಬೇಕು?

ಗೈಡಿನಲ್ಲಿ ಇರುವಷ್ಟನ್ನೂ ಮಾಡಿ, ಪರೀಕ್ಷೆ ಮುಗಿದ ಸಂಜೆ ಅರ್ಧ ಮರೆಯಿರಿ. ಕೊನೇ ಗಳಿಗೆಯಲ್ಲಿ ಅನ್ನುವ ‘ಅಟ್ ದ ಇಲೆವೆನ್ತ್ ಅವರ್’ ಇವತ್ತಿಗೂ ನಡೆಯುತ್ತೆ. ನಗೆಪಾಟಲಾದ ಅನ್ನುವ ‘ಕಟ್ ಎ ಸಾರಿ ಫಿಗರ್’ ನಮ್ಮ ಕಡೆ ಬಿಟ್ಟು ಹೊರಗೆ ಕೇಳಿದ್ದು ನನಗೆ ನೆನಪಿಲ್ಲ.

ಹಂಗಾದ್ರೆ ಕಲಿಯೋದು ಹೆಂಗೆ ಮಿಸ್?

ಪಟ್ಟಿ ಬರೆಯಬೇಡಿ. ಸಣ್ಣ ನೋಟ್‌ಬುಕ್ ಇಡಿ. ಕಿವಿಗೆ ಬಿದ್ದ ಮಾತು, ಹೇಳಿದವರು ಯಾರು, ಯಾರಿಗೆ, ಯಾವಾಗ, ಅಷ್ಟನ್ನು ಬರೆಯಿರಿ. ಅರ್ಥವನ್ನು ಕನ್ನಡದಲ್ಲೇ ಬರೆಯಿರಿ, ನಿಮ್ಮ ಮನೆಯ ಕನ್ನಡದಲ್ಲಿ. ಅದೇ ಮಾತು ಮೂರು ಬೇರೆ ಬೇರೆ ಜನರ ಬಾಯಿಂದ ಬಂದ ಮೇಲೆ ಒಮ್ಮೆ ನೀವು ಆಡಿ ನೋಡಿ. ವಸಂತನರಸಾಪುರದಿಂದ ಬರುವ ಹುಡುಗನ ನೋಟ್‌ಬುಕ್ ಕಳೆದ ವಾರ ತಿದ್ದುವಾಗ ಒಂದು ಪುಟ ಹೀಗಿತ್ತು, ನಾನು ಕೆಂಪು ಪೆನ್ನು ಮುಟ್ಟಿಸಲಿಲ್ಲ:

‘ವಿ ಆರ್ ಆಲ್ ಇನ್ ದ ಸೇಮ್ ಬೋಟ್. ಹೇಳಿದ್ದು: ಮ್ಯಾನೇಜರ್. ಯಾರಿಗೆ: ನಮ್ಮ ಶಿಫ್ಟಿಗೆ. ಯಾವಾಗ: ಸಂಬಳ ಲೇಟ್ ಆದ ದಿನ. ಅರ್ಥ: ನಮ್ಮೆಲ್ಲರ ಕಷ್ಟ ಒಂದೇ. ಷರಾ: ಅವರು ಕಾರಲ್ಲಿ ಹೋದ್ರು, ನಾವು ಬಸ್ಸಿಗೆ ಕಾಯ್ತಿದ್ವಿ.’